ಮನೆಯಿಲ್ಲದವರ ಎಡೆ

ನಾನು ನಿಂತಿದ್ದದ್ದು ಗುತ್ತಲಿನ ನಮ್ಮ ಬೀದಿಯ ಹಾಲಿನ ಬೂತಿನ ಎರಡನೆಯ ಮೆಟ್ಟಿಲ ಮೇಲೆ. ಮಹಾಲಯ ಅಮಾವಾಸ್ಯೆ, ಬೆಳಗ್ಗೆ ಏಳಕ್ಕೆ ಇನ್ನೂ ಐದು ನಿಮಿಷವಿತ್ತು. ಅದಾಗಿ ಒಂಬತ್ತು ವರ್ಷವಾಯಿತು. ಮೊನ್ನೆ ಮನೆಯಲ್ಲಿ ಬಿರಿಯಾನಿಗೆಂದು ಅನಾನಸ್ ಹೂವು ಹುರಿದರು. ಆ ಘಮಕ್ಕೆ ಮತ್ತೆ ಅದೇ ಮೆಟ್ಟಿಲ ಮೇಲೆ ಹೋಗಿ ನಿಂತೆ...

ಬೂತಿನ ಎದುರಿಗೆ ವಿಯೆಟ್ನಾಂ ಊಟದ ಸಣ್ಣ ಹೋಟೆಲೊಂದಿತ್ತು. ನಾಲ್ಕೇ ಮೇಜು. ನಡೆಸುತ್ತಿದ್ದಾಕೆ ಆ ದೇಶದವಳೇ. ದುಬೈನಲ್ಲಿ ಜೊತೆಗೆ ಅಡುಗೆ ಕೆಲಸ ಮಾಡುತ್ತಿದ್ದ ಮದ್ದೂರಿನವನನ್ನು ಮದುವೆಯಾಗಿ ಬಂದವಳು, ಅವನು ತೀರಿಕೊಂಡ ಮೇಲೂ ಇಲ್ಲೇ ಉಳಿದಳು. ಕನ್ನಡ ಕಲಿತದ್ದು ಅವನಿಂದ, ಹಾಗಾಗಿ ಮಾತೆಲ್ಲ ಮದ್ದೂರಿನದೇ. ಕುರಿಯ ಮೂಳೆಯನ್ನು ಅನಾನಸ್ ಹೂವಿನೊಂದಿಗೆ ಬೆಳಗಿನಿಂದ ಕುದಿಸಿ, ಆ ತಿಳಿಸಾರನ್ನು ಅಕ್ಕಿ ಶಾವಿಗೆಯ ಮೇಲೆ ಸುರಿದು ಕೊಡುತ್ತಿದ್ದಳು. ಭಾನುವಾರ ಮಧ್ಯಾಹ್ನ ನಾನೂ ಪಕ್ಕದ ಗ್ಯಾರೇಜಿನ ಸಾಬರೂ ಒಂದೇ ಮೇಜಿಗೆ ಕೂರುತ್ತಿದ್ದೆವು.

"ನಮ್ ಕಾಲ್ ಸೂಪಿಗೇ ಸಾವ್ಗೆ ಆಕವ್ರೆ ನೋಡಿ ಮೇಷ್ಟ್ರೇ," ಎಂದು ಸಾಬರು ರೇಗಿಸುತ್ತಿದ್ದರು.

"ಅಂಗಾರೆ ನಾಳಿಂದ ನೀನೇ ಬೇಯ್ಸಣ್ಣ, ನಾನು ಸ್ಕೂಟ್ರು ಬಿಚ್ಚುತೀನಿ," ಎನ್ನುತ್ತಿದ್ದಳು ಆಕೆ.

ಅಮಾವಾಸ್ಯೆಯ ಹಿಂದಿನ ದಿನ ನಾನೊಬ್ಬನೇ ಹೋಗಿದ್ದೆ. ನಾಳೆ ಹಿರಿಯರಿಗೆ ಎಡೆ ಇಡುವ ದಿನ ಎಂದು ಹೇಳಿದವನು ನಾನೇ. ಆಕೆಯ ಮುಖ ಅರಳಿತು. ಅವರಲ್ಲೂ ಹಾಗೇ ಇದೆಯಂತೆ. ಒಳಗೆ ಗಂಡನಿಗೊಂದು ಎಡೆ, ಬಾಗಿಲಾಚೆ ಇನ್ನೊಂದು ಇಡುತ್ತೇನೆ ಎಂದಳು. ಅದು ಯಾರಿಗೆ ಎಂದೆ.

"ಇಕ್ಕೋರು ಯಾರೂ ಇಲ್ವಲ್ಲಣ್ಣ, ಅಂತೋರ್ಗೆ. ಮನೆ ಇಲ್ದೋರ್ಗೆ."

ಮರುದಿನ ಬೆಳಗ್ಗೆ ಹೋಟೆಲಿನ ಮುಂದೆ, ರಸ್ತೆಯ ಅಂಚಿನಲ್ಲಿ ಬಾಳೆಲೆ ಇತ್ತು. ಅನ್ನ, ಬೇಯಿಸಿದ ಮೊಟ್ಟೆ, ಮೂರು ಊದುಬತ್ತಿ. ಸುತ್ತ ಅಕ್ಕಿ, ಉಪ್ಪು ಚೆಲ್ಲಿತ್ತು. ಹೋಟೆಲಿನ ಕಟ್ಟಡದ ಯಜಮಾನ ಮಹಡಿಯ ಮೇಲೇ ಇದ್ದ, ಅವನ ಮೊಮ್ಮಗನಿಗೆ ನಾಲ್ಕು ದಿನದಿಂದ ಜ್ವರ.

"ಮಾಟ ಮಾಡವ್ಳೆ! ಮೊಗಿಗೆ ಜರ ಯಾಕ್ ಬುಟ್ಟಿಲ್ಲ ಅಂತ ಈಗ ಗೊತ್ತಾಯ್ತು!" ಎಂದು ಯಜಮಾನ ಕೂಗಿದ. ಜನ ಸೇರಿದರು.

"ಎಡೆ ಕಣಣ್ಣ, ಎಡೆ," ಎಂದಳು ಆಕೆ.

"ಬೀದೀಲಿ ಯಾವೋಳು ಎಡೆ ಇಕ್ಕಾಳು?"

"ಅಕ್ಕ ಅಂತೋರಲ್ಲ ಬುಡಿ ಗೌಡ್ರೇ," ಎಂದು ಸಾಬರು ಮುಂದೆ ಬಂದರು.

"ನಮ್ ಸಾಸ್ತ್ರ ನಿಂಗೇನ್ಲಾ ಗೊತ್ತು? ಸುಮ್ಕಿರು." ಯಜಮಾನ ನನ್ನತ್ತ ತಿರುಗಿದ. "ಮೇಷ್ಟ್ರೇ, ಓದ್ದೋರು ನೀವು. ನೀವೇ ಯೋಳಿ, ಏನಿದು?"

ಆಕೆ ನನ್ನನ್ನು ನೋಡಿದಳು. ಗಂಡನಿಲ್ಲದವಳ ಪರ ಮಾತಾಡಿದರೆ ನಾಲ್ಕು ಜನ ಏನೆಂದುಕೊಂಡಾರು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಹಾಲಿನ ಪ್ಯಾಕೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದೆ.

"ನಂಗೇನೂ ಗೊತ್ತಿಲ್ಲ," ಅಂದೆ.

ಮುಟ್ಟಲು ಹೆದರಿ ಯಜಮಾನ ಆ ಎಲೆಯನ್ನು ಆಕೆಯ ಕೈಯಿಂದಲೇ ಎತ್ತಿಸಿ ಮೋರಿಗೆ ಹಾಕಿಸಿದ. ಸಂಜೆಯೊಳಗೆ ಜಾಗ ಖಾಲಿ ಮಾಡಿಸಿದ. ಎರಡು ಚೀಲ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೋದಳಂತೆ. ಯಾವ ಊರಿಗೆ ಎಂದು ಯಾರೂ ಕೇಳಲಿಲ್ಲ... ಆ ಹೊತ್ತಿಗೆ ನಾನು ಮನೆಯಲ್ಲಿ ಅಪ್ಪನ ಫೋಟೋದ ಮುಂದೆ ಎಡೆ ಇಡುತ್ತಿದ್ದೆ. ಬಾಡು, ಮುದ್ದೆ, ಬೇಯಿಸಿದ ಮೊಟ್ಟೆ.

ಹುಡುಗನ ಜ್ವರ ಮಾತ್ರೆಗೇ ಬಿಟ್ಟಿತು. ಯಜಮಾನ ಈಗಿಲ್ಲ. ಹೋಟೆಲಿದ್ದಲ್ಲಿ ಮೊಬೈಲ್ ಅಂಗಡಿ ಇದೆ. ಅಂದು ಕಂಡವರಲ್ಲಿ ಹಾಲಿನ ಬೂತಿನಾಕೆ ಇದ್ದಾಳೆ, ನಾನಿದ್ದೇನೆ, ಗ್ಯಾರೇಜಿನ ಸಾಬರಿದ್ದಾರೆ. ಹೋಟೆಲಿನಾಕೆ ಆ ಎಡೆಯ ವಿಷಯ ಹಿಂದಿನ ದಿನವೇ ನನಗೆ ಹೇಳಿದ್ದಳೆಂದು ಸಾಬರಿಗೆ ಇವತ್ತಿಗೂ ಗೊತ್ತಿಲ್ಲ. ಆಕೆಯ ಮಾತು ಬಂದಾಗಲೆಲ್ಲ ಅವರು ನನಗೇ ಸಮಾಧಾನ ಹೇಳುತ್ತಾರೆ.

"ನಿಮ್ಗೂ ಗೊತ್ತಿರ್ನಿಲ್ವಲ್ಲ ಮೇಷ್ಟ್ರೇ, ಏನ್ ಮಾಡಕಾಯ್ತದೆ ಬುಡಿ."