ಬಿಸಿಲ ಹಾಲು

ಇಂಥ ಮಾತು ಬೇರೆಯವರು ಹೇಳಿದಾಗ ನಾನೇ ನಕ್ಕು ಸುಮ್ಮನಾಗುತ್ತಿದ್ದೆ. ಓದಿದ್ದು ಮೂರನೇ ಕ್ಲಾಸಾದರೂ ಕಣ್ಣಿಗೆ ಕಾಣದ್ದನ್ನು ನಂಬಿದವಳಲ್ಲ. ನೀವೂ ನಗಬಹುದು, ನನಗೇನೂ ಬೇಜಾರಿಲ್ಲ.

ಮಗಳು ಬಸುರಿಯಿದ್ದಾಗಲೇ ಅಳಿಯ ಬಿಟ್ಟುಹೋದ. ಹೆರಿಗೆಯಾಗಿ ಐದು ತಿಂಗಳಿಗೆ ಅವಳು ಬೀಚನಹಳ್ಳಿ ಕಡೆಯ ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಹಗಲೆಲ್ಲ ಮೊಮ್ಮಗಳು ನನ್ನವಳು. ಎಣ್ಣೆ ತಿಕ್ಕಿ ನೀರು ಹಾಕುವವಳು ನಾನು, ಸಾಂಬ್ರಾಣಿ ಹೊಗೆ ಹಿಡಿಯುವವಳೂ ನಾನೇ. ಆ ಬೊಚ್ಚುಬಾಯಿ ನಗುವಿಗೆ ನನ್ನ ಮಂಡಿನೋವೇ ಮರೆತುಹೋಗುತ್ತಿತ್ತು. ಆದರೆ ಸಂಜೆ ಬಸ್ಸಿಳಿದು ಬರುವ ಅವರವ್ವನ ಚಪ್ಪಲಿ ಸದ್ದು ಕೇಳಿದರೆ ಸಾಕು, ನಾನು ಯಾರೋ ಎನ್ನುವಂತೆ ಅತ್ತ ವಾಲಿಬಿಡುತ್ತಿತ್ತು ಮಗು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಮಗುವಿಗೆ ಮೈ ಸುಡತೊಡಗಿತು. ಬಾಟಲಿ ಹಾಲು ಉಗಿಯಿತು, ರಾಗಿಸರಿ ಮುಟ್ಟಲಿಲ್ಲ. ಅತ್ತು ಅತ್ತು ದನಿ ಬಿದ್ದುಹೋಯಿತು. ಮಗಳ ಫೋನು ಹತ್ತಲಿಲ್ಲ. ಇದಕ್ಕೇನಾದರೂ ಆದರೆ ಅವಳಿಗೆ ಇನ್ನಾರಿದ್ದಾರೆ ಎಂದು ನನಗೆ ಕೈಕಾಲು ಆಡಲಿಲ್ಲ. ಮಧ್ಯಾಹ್ನ ಆಸ್ಪತ್ರೆಗೆ ಹೊರಡಲೆಂದು ತೊಡೆಯ ಮೇಲೆ ಮಲಗಿಸಿಕೊಂಡು ಟೋಪಿ ಕಟ್ಟುತ್ತಿದ್ದೆ. ಮಗು ತಟ್ಟನೆ ಅಳು ನಿಲ್ಲಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಮುಚ್ಚಿ ಚೀಪತೊಡಗಿತು. ಬಾಯಲ್ಲಿ ಏನೂ ಇರಲಿಲ್ಲ. ಆದರೂ ಗುಟುಕು ಗುಟುಕಾಗಿ ಇಳಿಯುವುದು ಗಂಟಲಲ್ಲಿ ಕಾಣುತ್ತಿತ್ತು. ಆಮೇಲೆ ತೇಗಿ, ಬೆವರಿ, ನಿದ್ದೆಹೋಯಿತು. ತುಟಿಯಂಚಿನಲ್ಲಿ ಹಾಲಿತ್ತು. ಬಾಟಲಿ ಹಾಲನ್ನು ನಾನು ಬೆಳಗ್ಗೆಯೇ ಚೆಲ್ಲಿದ್ದೆ.

ಬಿಸಿಲಲ್ಲಿ ಬಂದ ತಾಯಿ ಮೊದಲ ನಾಲ್ಕು ಹನಿ ಹಿಂಡಿ ಚೆಲ್ಲಿಯೇ ಮಗುವಿಗೆ ಮೊಲೆ ಕೊಡಬೇಕು. ಅದು ಬಿಸಿಲ ಹಾಲು, ಮಗುವಿಗಾಗದು. ಮಗಳು ದಿನವೂ ಎದೆ ಕಲ್ಲಾಗಿ, ನೋವು ತಡೆಯಲಾರದೆ ಬರುವವಳು. ಅವತ್ತು ಸಂಜೆ ಬಚ್ಚಲಲ್ಲಿ ಎಷ್ಟು ಹಿಂಡಿದರೂ ಒಂದು ಹನಿ ಬರಲಿಲ್ಲ.

“ಮದ್ಯಾನ ಬಟ್ಟೆ ಒಣಗಾಕ್ತಿದ್ದೆ ಕಣವ್ವ. ಇದ್ದಕ್ಕಿದ್ದಂಗೆ ಎದೆ ಅಗುರಾಗೋಯ್ತು,” ಎಂದಳು. “ರವಿಕೆನೂ ನೆಂದಿಲ್ಲ, ನೋಡು. ಮಗು ಏನ್ ಕುಡೀತು?”

“ನಾ ಕೊಟ್ಟಿದ್ದೊಂದೂ ಕುಡೀಲಿಲ್ಲ ಬುಡು. ಅಲ್ಲಿಂದ್ಲೇ ನಿಂದು ಕುಡೀತೇನೋ.”

“ಅದ್ಕೂ ಒಟ್ಟೆಕಿಚ್ಚಾ ನಿಂಗೆ?” ಎಂದು ನಕ್ಕಳು. ನಕ್ಕವಳು ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು.

ಮಾರನೇ ದಿನ ಮಗುವನ್ನು ತೋರಿಸಲು ಹೋದಾಗ, ಒಂದೊಂದು ದಿನ ಹಾಲು ಹಾಗೆ ಇಂಗುವುದುಂಟು ಎಂದರು ಆಸ್ಪತ್ರೆಯ ನರ್ಸು. ಇರಬಹುದು. ಈಗ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ರಾತ್ರಿ ನನ್ನ ಮಗ್ಗುಲೇ ಬೇಕು ಅವಳಿಗೆ. ಆ ಒಂದು ಮಧ್ಯಾಹ್ನ ಮಾತ್ರ ನನ್ನ ಲೆಕ್ಕಕ್ಕೆ ಬರುವುದಿಲ್ಲ. ಮಗು ಇದ್ದದ್ದು ನನ್ನ ತೊಡೆಯ ಮೇಲೆ. ಕುಡಿದದ್ದು ಎಲ್ಲಿಂದ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.