ಮುರ್ದಾ ಮಾಮಾ ಒಂದು ಕಣ್ಣು ತೆರೆದಾಗ

ಇವತ್ತು ಬೆಳಿಗ್ಗೆ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಝೆರಾಕ್ಸ್ ಅಂಗಡಿಯಲ್ಲಿ ಪ್ರಶ್ನೆಪತ್ರಿಕೆಯ ಪ್ರತಿ ತೆಗೆಸಲು ನಿಂತಿದ್ದೆ. ಅಂಗಡಿಯವನು ಯಂತ್ರದಿಂದ ಆಗತಾನೇ ಬಂದ ಹಾಳೆಗಳನ್ನು ಕೈಗಿತ್ತ. ಬೆಚ್ಚಗಿನ ಕಾಗದ, ಸ್ವಲ್ಪ ಸುಟ್ಟಂಥ ಇಂಕು. ಆ ವಾಸನೆ ನಿಮಗೂ ಗೊತ್ತಿರುತ್ತದೆ. ಹೆಚ್ಚಿನವರಿಗೆ ಅದು ಆಧಾರ್ ಕಾರ್ಡಿನ, ಅರ್ಜಿಗಳ, ಕಚೇರಿಯ ವಾಸನೆ. ನನಗೆ ಮಾತ್ರ ಅದು ತೀರಿಕೊಂಡ ಒಬ್ಬ ಮನುಷ್ಯನ ವಾಸನೆ. ಹೀಗೆ ಹೇಳಿದರೆ ನೀವು ಬೆಚ್ಚಬಹುದು. ನಾನೂ ಬೆಚ್ಚಿದವನೇ. ಹತ್ತು ವರ್ಷಗಳ ಹಿಂದೆ ಒಂದೇ ದಿನದಲ್ಲಿ ಎಷ್ಟು ಸಲ ಬೆಚ್ಚಿದೆನೆಂದರೆ, ಸಂಜೆಯ ಹೊತ್ತಿಗೆ ಬೆಚ್ಚುವ ಶಕ್ತಿಯೇ ಉಳಿದಿರಲಿಲ್ಲ.

ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಅಳತೆಪಟ್ಟಿ ಇಟ್ಟು ತೆಗೆದಂಥ ಬೈತಲೆ. ಚಿತ್ರಕಥೆಯ ಪುಸ್ತಕ ಓದಿದರೆ ಮಕ್ಕಳು ಹಾಳಾಗುತ್ತಾರೆ ಎಂದು ನಂಬಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಮಾತ್ರ ಇರಲಿಲ್ಲ. ಅಂದು ಒಂಬತ್ತನೇ ತರಗತಿಗೆ ಸಮಾಸ ಹೇಳಿಕೊಡುತ್ತಿದ್ದೆ. ಸಮಾಸದಲ್ಲಿ ನಗುವಂಥದ್ದೇನೂ ಇಲ್ಲ. ಆದರೂ ಮೂರನೇ ಬೆಂಚಿನ ಅಂಬಿಕಾ ಎಂಬ ಹುಡುಗಿ ವ್ಯಾಕರಣ ಪುಸ್ತಕದಲ್ಲಿ ಮುಖ ಹುದುಗಿಸಿ, ಭುಜ ಕುಣಿಸಿ ಕುಣಿಸಿ ನಗುತ್ತಿದ್ದಳು. ಹೋಗಿ ಪುಸ್ತಕ ಕಿತ್ತುಕೊಂಡೆ. ಒಳಗಿನಿಂದ ಪಿನ್ನು ಹೊಡೆದ ಎಂಟು ಝೆರಾಕ್ಸ್ ಹಾಳೆಗಳು ಜಾರಿ ಬಿದ್ದವು.

ನಮ್ಮ ಮನೆತನಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಒರಗಿಸಿ ಕೂಡಿಸುತ್ತೇವೆ. ಮೊದಲ ಹಾಳೆಯಲ್ಲಿ ಹಾಗೆ ಕೂಡಿಸಿದ ಒಂದು ಹೆಣ. ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟಿತ್ತು. ಆದರೆ ಒಂದು ಕಣ್ಣು ತೆರೆದಿತ್ತು, ಅದು ನೇರವಾಗಿ ನನ್ನನ್ನೇ ನೋಡುತ್ತಿತ್ತು. ಮೇಲೆ ದಪ್ಪ ಅಕ್ಷರದಲ್ಲಿ ‘ಮುರ್ದಾ ಮಾಮಾ’ ಎಂದಿತ್ತು. ಮುರ್ದಾ ಎಂದರೆ ಹೆಣ. ನಾನು ಬೆಚ್ಚಿದೆ. ಸಾವನ್ನು ಹೀಗೆ ಆಡಿಕೊಳ್ಳುವವರೂ ಇದ್ದಾರೆಯೇ? ಹುಡುಗಿಯನ್ನು ಬೈದು, ಹಾಳೆಗಳನ್ನು ಜಪ್ತಿ ಮಾಡಿ, ಸ್ಟಾಫ್‌ರೂಮಿಗೆ ಹೋಗಿ, ಹಾಜರಿ ಪುಸ್ತಕದೊಳಗಿಟ್ಟು ಓದತೊಡಗಿದೆ. ಅಂಬಿಕಾ ಮಾಡಿದ್ದನ್ನೇ ನಾನೂ ಮಾಡಿದೆನೆಂಬುದು ಆಗ ಹೊಳೆಯಲಿಲ್ಲ.

ಕಥೆ ಇಷ್ಟು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ನೆರೆಯವನೊಬ್ಬ ಬಂದು ಹೆಣದ ಕಾಲು ಹಿಡಿದು ‘ನನ್ನ ಜೀವದ ಗೆಳೆಯಾ’ ಎಂದು ಬೋರಾಡಿ ಅಳುತ್ತಾನೆ. ಮುರ್ದಾ ಮಾಮಾ ಗದ್ದದ ಬಟ್ಟೆ ಬಿಚ್ಚಿ, ‘ಅಷ್ಟು ಪ್ರೀತಿ ಇದ್ರ ಸಂಗಾಟ ಬಾ, ನನ್ನ ಹೂಳೋ ಕುಣಿ ದೊಡ್ಡದೇ ತೋಡ್ಯಾರ’ ಎನ್ನುತ್ತಾನೆ. ನೆರೆಯವನು ಚಪ್ಪಲಿ ಬಿಟ್ಟು ಓಡುತ್ತಾನೆ. ಅಲ್ಲಿಂದ ಮಾಮಾನ ಸಂಚಾರ ಶುರು. ಕೊರಳ ಹಾರ ಹಾರಾಡಿಸುತ್ತ ಹುಮನಾಬಾದಿನ ಬಜಾರದಲ್ಲಿ ಸ್ಕೂಟರ್ ಓಡಿಸುತ್ತಾನೆ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದರೆ ‘ಮುರ್ದಾಕ್ಕ ಎಲ್ಲಿ ಟಿಕೆಟ್ಟು?’ ಎನ್ನುತ್ತಾನೆ. ಮದುವೆ ಮನೆಯ ಮುಂದಿನ ಚಪ್ಪಲಿಗಳಲ್ಲಿ ಎಡಗಾಲಿನವನ್ನು ಮಾತ್ರ ಕದಿಯುತ್ತಾನೆ. ಅವನು ಒಳ್ಳೆಯವನಲ್ಲ. ಪಾಪದ ದರ್ಜಿಯೊಬ್ಬನನ್ನು ಸುಮ್ಮನೆ ಮೋಜಿಗೆ ಹೆದರಿಸುತ್ತಾನೆ. ಯಾರಾದರೂ ಗದರಿಸಿದರೆ ಒಂದೇ ಮಾತು: ‘ಒಮ್ಮಿ ಸತ್ತಿದ್ದಾತು. ಇನ್ನೇನ್ ಮಾಡ್ತೀರಿ?’

ನಾನು ನಕ್ಕೆ. ಪಕ್ಕದ ಗಣಿತದ ಮಾಸ್ತರರು ‘ಯಾಕ್ರಿ ಸರ್?’ ಎಂದರು. ಕೆಮ್ಮು ಎಂದೆ. ಜೀವನವಿಡೀ ನಾನು ಪಾಠ ಮಾಡಿದ್ದು ರಾಜ್ಯ ಬಿಟ್ಟುಕೊಟ್ಟವರ, ಕೊಟ್ಟ ಮಾತಿಗೆ ಪ್ರಾಣ ಕೊಟ್ಟವರ ಕಥೆಗಳನ್ನು. ಕೊನೆಗೆ ‘ಕಥಾನಾಯಕನ ಗುಣಗಳನ್ನು ಐದು ವಾಕ್ಯಗಳಲ್ಲಿ ಬರೆಯಿರಿ’ ಎಂದು ಕೇಳುತ್ತೇನೆ. ಮುರ್ದಾ ಮಾಮಾನ ಬಗ್ಗೆ ಒಂದು ವಾಕ್ಯವೂ ಬರೆಯಲು ಬಾರದು. ಆದರೂ ಅವನು ನನ್ನನ್ನು ಹಿಡಿದು ಕೂಡಿಸಿಬಿಟ್ಟ. ಯಾರ ಮನೆಗೆ ಹೋದರೂ ನಾವು ಚಹಾ ಚೆನ್ನಾಗಿದೆ ಎನ್ನುತ್ತೇವೆ, ಮಗ ಜಾಣ ಎನ್ನುತ್ತೇವೆ. ನಾಳೆ ಮತ್ತೆ ಅವರ ಮುಖ ನೋಡಬೇಕಲ್ಲ! ಅವನಿಗೆ ನಾಳೆ ಇಲ್ಲ. ನಮ್ಮ ಗಂಟಲಲ್ಲಿ ಸಿಕ್ಕಿಕೊಂಡ ಮಾತನ್ನೆಲ್ಲ ಆಡಲು ಅವನೊಬ್ಬ ಸಾಯಬೇಕಾಯಿತು.

ಕೊನೆಯ ಹಾಳೆ ತಿರುವಿದೆ. ಅಲ್ಲಿ ಒಬ್ಬ ಮಾಸ್ತರ ಬಂದಿದ್ದ. ಇಸ್ತ್ರಿ ಅಂಗಿ, ಎರಡು ಪೆನ್ನು, ನೆಟ್ಟಗಿನ ಬೈತಲೆ. ಅವನು ವಿಧವೆಯ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ: ‘ಜರಾ ಅಳು ಅಕ್ಕಾ. ಮಂದಿ ನೋಡಾಕತ್ತಾರ.’

ನನ್ನ ನಗು ನಿಂತುಹೋಯಿತು. ಆ ಮಾತನ್ನು ಆಡಿದವನು ನಾನು. ಕೇಳಿಸಿಕೊಂಡವಳು ಜಗತ್ತಿನಲ್ಲಿ ಒಬ್ಬಳೇ.

ನನ್ನ ಅಕ್ಕ ಮಹಾನಂದಾ. ಅವಳನ್ನು ಹುಮನಾಬಾದಿಗೆ ಕೊಟ್ಟಿದ್ದೆವು. ಅವಳ ಗಂಡನನ್ನು ನಾನು ಮಾಮಾ ಎಂದು ಕರೆಯುತ್ತಿದ್ದೆ. ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಮಾಮಾನ ಝೆರಾಕ್ಸ್ ಅಂಗಡಿ. ಪ್ರತಿ ತೆಗೆಯಲು ಕೊಟ್ಟ ಕಾಗದವನ್ನು ಪೂರ್ತಿ ಓದಿ, ಅದರಲ್ಲಿನ ತಪ್ಪು ಹೇಳಿ, ಫೋಟೊ ನೋಡಿ ‘ನಿಮಗಿಂತ ಝೆರಾಕ್ಸೇ ಚಲೋ ಕಾಣ್ತದ ನೋಡ್ರಿ’ ಎನ್ನುವ ಮನುಷ್ಯ. ತಹಸೀಲ್ ಕಚೇರಿಗೆ ಹೋಗುತ್ತೇನೆಂದು ಹೇಳಿ ಭಜಿ ಅಂಗಡಿಯಲ್ಲಿ ಸಿಗುತ್ತಿದ್ದ. ಸಿಟ್ಟೂ ಅಷ್ಟೇ ಇತ್ತು. ಮೋರಿ ನೀರಿನ ಜಗಳಕ್ಕೆ ಪಕ್ಕದ ಮನೆಯವರ ಜೊತೆ ಮೂರು ವರ್ಷ ಮಾತು ಬಿಟ್ಟ. ನನ್ನನ್ನು ‘ಇಸ್ತ್ರಿ ಮಾಸ್ತರ’ ಎಂದೇ ಕರೆಯುತ್ತಿದ್ದ. ಒಂದು ಬೆಳಿಗ್ಗೆ ಯಂತ್ರದ ಮೇಲೆ ಕೈಯಿಟ್ಟು ನಿಂತವನು ಹಾಗೇ ಕುಸಿದು ತೀರಿಕೊಂಡ.

ಅಂದು ಅಕ್ಕ ಅಳಲಿಲ್ಲ. ಹೆಣದ ಪಕ್ಕ ಕಲ್ಲಿನಂತೆ ಕೂತಿದ್ದಳು. ಬಂದವರೆಲ್ಲ ‘ದೇವರಂಥಾ ಮನಷ್ಯಾ’ ಎಂದು ಅಳುತ್ತಿದ್ದರು, ನಡುನಡುವೆ ಅಕ್ಕನ ಒಣಗಿದ ಕಣ್ಣು ನೋಡಿ ಒಬ್ಬರಿಗೊಬ್ಬರು ಪಿಸುಗುಡುತ್ತಿದ್ದರು. ನನಗೆ ನಾಚಿಕೆಯಾಗಿ ಆ ಮಾತು ಹೇಳಿದೆ. ಅವಳು ಗುರುತಿಲ್ಲದವರನ್ನು ನೋಡುವಂತೆ ನನ್ನನ್ನು ನೋಡಿ, ಸೆರಗು ಮುಖದ ಮೇಲೆಳೆದುಕೊಂಡಳು. ಅಂತೂ ಅಳತೊಡಗಿದಳು ಎಂದು ನನಗೆ ಸಮಾಧಾನವಾಗಿತ್ತು. ಎಂಥ ಸಮಾಧಾನ!

ಅದಾಗಿ ಎಂಟು ತಿಂಗಳಾಗಿತ್ತು. ಅಂಗಡಿಯನ್ನು ಈಗ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಅರ್ಧ ದಿನದ ರಜೆ ಹಾಕಿ ಬಸ್ ಹತ್ತಿದೆ. ಹುಮನಾಬಾದಿನಲ್ಲಿ ಇಳಿದು ನೇರ ಅಂಗಡಿಗೆ ಹೋಗಿ, ಹಾಳೆಗಳನ್ನು ಯಂತ್ರದ ಮೇಲೆ ಎಸೆದೆ.

“ಅಕ್ಕಾ, ಇದು ನೀ ಬರದಿದ್ದೇನು?”

“ಹೌದು. ಚಿತ್ರ ಚಲೋ ಬಂದಾವಿಲ್ಲ?” ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. “ನೋಟ್ಸ್ ಝೆರಾಕ್ಸ್‌ಕ್ಕ ಬರೋ ಹುಡಿಗೇರಿಗೆ ಒಂದೊಂದು ಕೊಟ್ಟೆ. ನಿಮ್ಮ ಸಾಲಿತನಾ ಮುಟ್ಯಾವಂದ್ರ ಮಾಮಾ ಭಾಳ ದೂರ ಹೋಗ್ಯಾನ.”

“ನಾಚ್ಕಿ ಬರ್ಲಿಲ್ಲೇನು ನಿನಗ? ಸತ್ತ ಗಂಡನ್ನ ಹಿಂಗ ಮಂದಿ ಮುಂದ ನಗೆಪಾಟಲು ಮಾಡೋದು?”

“ಮಂದಿ! ಅವತ್ತೂ ನಿನಗ ಮಂದೀನೇ ಕಂಡ್ರು, ಇವತ್ತೂ ಮಂದೀನೇ.” ಅವಳು ಯಂತ್ರ ಬಂದ್ ಮಾಡಿದಳು. “ಎಲ್ಲಾರೂ ದೇವರಂಥಾ ಮನಷ್ಯಾ ಅಂತ ಅತ್ರು. ಆ ದೇವರಂಥಾ ಮನಷ್ಯಾ ಯಾರಂತ ನನಗ ಗುರ್ತೇ ಇದ್ದಿದ್ದಿಲ್ಲ, ತಮ್ಮಾ. ಅಂವಗ ನಾ ಹ್ಯಾಂಗ ಅಳ್ಲಿ? ನನ್ನ ಗಂಡ ಖೋಡಿ ಇದ್ದ, ಕಿತಾಪತಿ ಮಾಡ್ತಿದ್ದ. ಸುಳ್ಳು ಹೇಳ್ತಿದ್ದ. ನನ್ನ ನಗಸ್ತಿದ್ದ. ಅಂವನ್ನ ಒಂದೇ ದಿನದಾಗ ಎಲ್ಲಾರೂ ಕೂಡಿ ಅಳಿಸಿ ಹಾಕಿದ್ರಿ. ನಾ ತಿರುಗಿ ಬರಕೊಂಡೀನಿ, ಅಷ್ಟೇ.”

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಅಕ್ಕನ ಅತ್ತೆ ಬಂದರು. ಅಂಗಡಿಯ ಹಿಂದೆಯೇ ಮನೆ, ಅದು ಅತ್ತೆಯದು. ಮಗ ಸತ್ತ ಮೇಲೆ ಅವರು ಸೊಸೆಯೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದರು. ಅವಳು ಅಳದೇ ಇದ್ದದ್ದು ಅವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಈಗ ಅಕ್ಕನ ಮುಖ ಬಿಳಿಚಿಕೊಂಡಿತು. ಮನೆ ಬಿಡು ಎಂದು ಅತ್ತೆ ಒಂದು ಮಾತು ಅಂದರೆ ಅವಳು ನನ್ನ ಜೊತೆ ಅಂದೇ ಬಸ್ಸಿನಲ್ಲಿ ತವರಿಗೆ ಮರಳಬೇಕು.

“ಏನದು ಕಾಗದ? ನನ್ನ ಮಗನ ಹೆಸರು ತಗೋಳಾಕತ್ತೀರಿ. ನನಗ ಓದಾಕ ಬರೂದಿಲ್ಲ. ಮಾಸ್ತರ, ನೀವೇ ಓದ್ರಿ.”

“ಏನಿಲ್ರಿ, ಸುಮ್ನ ಸಾಲಿ ಕಾಗದ...”

“ಓದ್ರಿ ಅಂದೆ.”

ಓದಿದೆ. ನೆರೆಯವನ ಅಳು ಓದಿದೆ, ಸ್ಕೂಟರ್ ಓದಿದೆ. ಚಪ್ಪಲಿ ಕದಿಯುವ ಹಾಳೆ ಬಂದಾಗ ಮೆಲ್ಲಗೆ ಎರಡು ಹಾಳೆ ಕೂಡಿಸಿ ತಿರುವಿದೆ.

“ಒಂದು ಹಾಳಿ ಬಿಟ್ರಿ,” ಎಂದರು ಅತ್ತೆ. “ಓದಾಕ ಬರೂದಿಲ್ಲ, ಕಣ್ಣು ಕಾಣ್ತಾವ.”

ಅದನ್ನೂ ಓದಿದೆ. ಕೊನೆಗೆ ನನ್ನ ಮಾತನ್ನು ನಾನೇ ಗಟ್ಟಿಯಾಗಿ ಓದಬೇಕಾಯಿತು. “ಈ ಮಾಸ್ತರ ಯಾರು?” ಎಂದು ಕೇಳಿದರು. “ನಾನೇ ರಿ,” ಎಂದೆ. ಅಕ್ಕ ಗೋಡೆ ಹಿಡಿದು ನಿಂತಿದ್ದಳು. ಅತ್ತೆ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲನೆಯದನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

“ಮೂಗು ತಪ್ಪಾಗ್ಯಾದ,” ಎಂದರು. “ಎಡಕ್ಕ ಜರಾ ಸೊಟ್ಟ ಇತ್ತು. ಸಣ್ಣಾಂವಿದ್ದಾಗ ಬೇವಿನ ಗಿಡದ ಮ್ಯಾಲಿಂದ ಬಿದ್ದಿದ್ದ. ಬಿದ್ದು ಏನಂದ ಗೊತ್ತೇನು? ‘ಯವ್ವಾ, ಗಿಡಕ್ಕ ಏನೂ ಆಗಿಲ್ಲ!’”

ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಹಲ್ಲಿಲ್ಲದ ಬಾಯಿ ತೆರೆದು ಆ ಮುದುಕಿ ನಗುತ್ತಿದ್ದರೆ ನಾನು ದಂಗಾಗಿ ನಿಂತಿದ್ದೆ. ನಗು ಯಾವ ಕ್ಷಣದಲ್ಲಿ ಅಳುವಾಯಿತೋ ತಿಳಿಯಲಿಲ್ಲ. “ಹಿಂಗೇ ಇದ್ದ. ನನ್ನ ಮಗ ಹಿಂಗೇ ಇದ್ದ,” ಎಂದು ಹಾಳೆಗಳನ್ನು ಎದೆಗೆ ಅವಚಿಕೊಂಡು ಅಲ್ಲೇ ಕೆಳಗೆ ಕೂತರು. ಆಗ ಅಕ್ಕ ನೆಲಕ್ಕೆ ಕುಸಿದು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಎಂಟು ತಿಂಗಳಿನದು. ಗಂಟಲು ಹರಿಯುವಂಥ, ಯಾರಿಗೂ ಕಾಯದ ಅಳು. ಪ್ರತಿ ತೆಗೆಸಲು ಬಂದ ಇಬ್ಬರು ಬಾಗಿಲಿನಿಂದಲೇ ಹಿಂತಿರುಗಿದರು. ನಾನು ಕರ್ಚೀಫು ಹಿಡಿದು ನಿಂತೆ. ಅದು ಯಾರಿಗೂ ಬೇಕಾಗಿರಲಿಲ್ಲ. ಒಂದು ಸಾವಿನ ಮನೆಯಲ್ಲಿ ಎಲ್ಲರ ಎದುರು ಆಗದ ದುಃಖ, ಎಡಗಾಲಿನ ಚಪ್ಪಲಿ ಕದಿಯುವ ಒಂದು ಹೆಣದ ಎದುರು ಆಯಿತಲ್ಲ! ಆ ಅಚ್ಚರಿ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮುರ್ದಾ ಮಾಮಾ ಆಮೇಲೆ ಎರಡು ವರ್ಷ ಓಡಾಡಿದ. ಅತ್ತೆ ಹಳೆಯ ಪ್ರಸಂಗಗಳನ್ನು ನೆನಪು ಮಾಡಿಕೊಂಡು ಹೇಳುವರು, ಅಕ್ಕ ಚಿತ್ರ ಬರೆಯುವಳು, ಅಕ್ಷರದ ತಪ್ಪು ತಿದ್ದುವ ಕೆಲಸ ನನಗೆ ಬಂತು. ಊರಲ್ಲಿ ಬೈದವರೂ ಇದ್ದರು. ಬೈಯುತ್ತಲೇ ಮುಂದಿನದು ಯಾವಾಗ ಎಂದು ಕೇಳಿದರು. ಕೊನೆಯ ಸಂಚಿಕೆಯಲ್ಲಿ ಒಬ್ಬ ಮುದುಕಿ ಮಾಮಾನ ಎದುರು ಬಂದು ನಿಲ್ಲುತ್ತಾಳೆ. ಅವನು ಹೆದರಿಸುತ್ತಾನೆ, ಅವಳು ಹೆದರುವುದಿಲ್ಲ. ‘ಕೂತು ಕೂತು ಬೆನ್ನು ನೊಂದಿರಬೇಕು. ಸಾಕು, ಜರಾ ಅಡ್ಡಾಗು ಮಗನಾ’ ಎನ್ನುತ್ತಾಳೆ. ಅವನು ಮೊದಲ ಸಲ ಯಾವ ಎದುರುತ್ತರವನ್ನೂ ಕೊಡದೆ ಎರಡೂ ಕಣ್ಣು ಮುಚ್ಚುತ್ತಾನೆ. ಆ ಮಾತು ಅತ್ತೆಯದೇ. ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಇವತ್ತು ಮಧ್ಯಾಹ್ನ ಘಾಟಬೋರಾಳಕ್ಕೆ ಹೋಗಿದ್ದೆ. ನಮ್ಮ ಶಾಲೆಯಲ್ಲಿ ಆಟ ಕಲಿಸುತ್ತಿದ್ದ ಹಿರಿಯ ಮಾಸ್ತರರೊಬ್ಬರು ಮೊನ್ನೆ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರೋಣವೆಂದು ಹೋದೆ. ಪಡಸಾಲೆ ತುಂಬ ಜನ. ಶಾಂತ ಸ್ವಭಾವ, ಎಂದೂ ಯಾರಿಗೂ ಒಂದು ಮಾತು ಅಂದವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಮಗಳು ಕಂಬಕ್ಕೆ ಒರಗಿ ಎತ್ತಲೋ ನೋಡುತ್ತಿದ್ದಳು. ನನ್ನ ಸರದಿ ಬಂತು. ಬಾಯಿಗೆ ಅದೇ ಸಿದ್ಧ ಮಾತು ಬಂದಿತ್ತು, ನುಂಗಿಕೊಂಡೆ.

“ಶಾಂತ ಎಲ್ರೀ? ಮಹಾ ಸಿಟ್ಟಿನ ಮನಷ್ಯಾ,” ಎಂದೆ. “ಒಮ್ಮಿ ಹುಡುಗರು ಮ್ಯಾಚು ಸೋತ್ರಂತ ವಾಲಿಬಾಲು ಬಾವ್ಯಾಗ ಒಗದ್ರು. ಅರ್ಧ ತಾಸು ಬಿಟ್ಟು, ಪ್ಯಾಂಟು ಮಡಚಿ, ತಾವೇ ಇಳದು ತಂದ್ರು. ಮ್ಯಾಲ ಬರಾಕ ಆಗ್ಲಿಲ್ಲ. ನಾವು ನಾಕು ಮಂದಿ ಹಗ್ಗಾ ಹಾಕಿ ಎಳದೇವಿ.”

ಒಬ್ಬರು “ಏನ್ರಿ ಸರ್, ಇಂಥಾ ಹೊತ್ತಿನ್ಯಾಗ...” ಎಂದು ಮುಖ ಗಂಟಿಕ್ಕಿದರು. ಮಗಳು ತಲೆಯೆತ್ತಿ ನನ್ನನ್ನೇ ನೋಡಿದಳು. ಅವಳ ತುಟಿ ಅದುರಿತು. ನಗುವಿಗೋ ಅಳುವಿಗೋ ಹೇಳಲಾರೆ.

“ಹಗ್ಗಾ ಹಿಡಕೊಂಡೂ ಬೈತಿದ್ರೇನ್ರಿ ಸರ್?” ಎಂದಳು.

“ಹೌದ್ರಿ ತಾಯಿ. ಮ್ಯಾಲ ಬರೂತನಕಾ.”

ಅವಳು ಕಂಬ ಬಿಟ್ಟು ಬಂದು ನನ್ನ ಎದುರಿಗೆ ಕೂತಳು. “ಇನ್ನೊಂದು ಹೇಳ್ರಿ,” ಎಂದಳು.