ಅರ್ಧ ಕತ್ತಲಲ್ಲಿ ಕೂತ ಚಿಕ್ಕಮ್ಮ

ನಾನು ಕ್ಯಾಮೆರಾ ಕೊಂಡಿದ್ದು ನಲವತ್ತು ದಾಟಿದ ಮೇಲೆ. ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ, ಮನೆ ವಿದ್ಯಾನಗರದಲ್ಲಿ. ಸಂಜೆ ಸ್ಕೂಟಿಯಲ್ಲಿ ಮನೆಗೆ ಬಂದು ಉತ್ತರಪತ್ರಿಕೆ ತಿದ್ದುವುದು ಬಿಟ್ಟರೆ ಬೇರೆ ಹುಚ್ಚು ಇರಲಿಲ್ಲ. ಜೊತೆಯ ಮೇಷ್ಟ್ರೊಬ್ಬರು ತಮ್ಮ ಹಳೆಯ ಕ್ಯಾಮೆರಾ ಮಾರುತ್ತೇನೆಂದಾಗ ಯಾಕೋ ನಾನೇ ತೆಗೆದುಕೊಂಡೆ. ಅದರ ಬೆನ್ನಿಗೇ ಊರಿನ ಫೋಟೋ ಹುಚ್ಚಿನವರ ಸಣ್ಣದೊಂದು ಬಳಗವೂ ಸಿಕ್ಕಿತು.

ತಿಂಗಳಿಗೊಂದು ಭಾನುವಾರ, ಪ್ರಿಂಟಿಂಗ್ ಪ್ರೆಸ್ಸೊಂದರ ಮಹಡಿಯ ಕೋಣೆಯಲ್ಲಿ ಹತ್ತು ಹದಿನೈದು ಜನ ಸೇರುತ್ತಿದ್ದೆವು. ಬ್ಯಾಂಕಿನವರು, ಮದುವೆ ಫೋಟೋ ತೆಗೆಯುವವರು, ಇಂಜಿನಿಯರಿಂಗ್ ಓದುವ ಹುಡುಗಿಯರು. ಎಲ್ಲರಿಗೂ ಹಿರಿಯರೆಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಪ್ರತಿ ತಿಂಗಳೂ ಒಂದು ವಿಷಯ ಕೊಡುತ್ತಿದ್ದರು. ಅದರ ಮೇಲೆ ತೆಗೆದ ಫೋಟೋವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ತಂದು ಮುಂದಿನ ಹಲಗೆಗೆ ಸಿಕ್ಕಿಸಬೇಕು. ಯಾರು ತೆಗೆದದ್ದೆಂದು ಹೇಳುವಂತಿಲ್ಲ. ಎಲ್ಲರೂ ಒಳ್ಳೆಯದು ಕೆಟ್ಟದ್ದು ಹೇಳಿ ಮುಗಿಸುವವರೆಗೆ ತೆಗೆದವರು ಬಾಯಿ ಬಿಡುವಂತಿಲ್ಲ.

ಒಂದು ಸಲ ಮೇಷ್ಟ್ರು ಕೊಟ್ಟ ವಿಷಯ, ಸ್ಟುಡಿಯೋ ಬೆಳಕಿನಲ್ಲಿ ಒಬ್ಬ ಹೆಂಗಸು, ಕಪ್ಪು ಬಿಳುಪಿನಲ್ಲಿ. ನನಗೆ ಕೂಡಲೇ ನೆನಪಾದವಳು ಹರಿಹರದ ಚಿಕ್ಕಮ್ಮ, ನನ್ನ ತಾಯಿಯ ತಂಗಿ.

ಚಿಕ್ಕಮ್ಮ ಬ್ಲೌಸು ಹೊಲಿಯುತ್ತಿದ್ದಳು. ಬ್ಲೌಸನ್ನು ಅವಳು ಯಾವತ್ತೂ ಬ್ಲೌಸೆಂದು ಕರೆದವಳಲ್ಲ, ಜಂಪರ್ ಎಂದೇ ಅನ್ನುತ್ತಿದ್ದಳು. ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಆ ಮನೆಯನ್ನು ನಡೆಸಿದ್ದು ಅವಳ ಕಾಲಡಿಯ ಹೊಲಿಗೆ ಯಂತ್ರ. ಬೇಸಿಗೆ ರಜೆಯಲ್ಲಿ ಅಮ್ಮ ನನ್ನನ್ನು ಹರಿಹರದ ಬಸ್ಸು ಹತ್ತಿಸಿದರೆ ಜೂನ್ ಬರುವವರೆಗೆ ನಾನು ಅಲ್ಲೇ. ಮುಂದಿನ ಕೋಣೆಯ ಮೂಲೆಯಲ್ಲಿ ಕತ್ತರಿಸಿ ಉಳಿದ ಬಟ್ಟೆ ಚೂರುಗಳ ಗುಡ್ಡೆ ಇರುತ್ತಿತ್ತು. ಜರಿಯ ತುಂಡು, ಮಾವಿನ ಚಿಗುರಿನ ಬಣ್ಣ, ಬದನೆಕಾಯಿ ಬಣ್ಣ, ಮುಟ್ಟಿದರೆ ಜಾರುವ ರೇಷ್ಮೆ. ನಾನೂ ಚಿಕ್ಕಮ್ಮನ ಮಗಳೂ ಆ ಗುಡ್ಡೆಯೊಳಗೆ ಕಾಲು ಹುದುಗಿಸಿಕೊಂಡು ಮಧ್ಯಾಹ್ನವೆಲ್ಲ ಆಡುತ್ತಿದ್ದೆವು. ಹೆಂಗಸರು ಅಳತೆ ಬ್ಲೌಸು ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಕೂತು ತಮ್ಮ ಮನೆಯ ಕಥೆಯನ್ನೆಲ್ಲ ಹೇಳಿ ಹೋಗುತ್ತಿದ್ದರು. ಚಿಕ್ಕಮ್ಮ ಬಾಯಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೂಂ ಅನ್ನುತ್ತಿದ್ದಳು. ಆ ಯಂತ್ರದ ಸದ್ದು ನಿಂತರೆ ನನಗೆ ಮಧ್ಯಾಹ್ನದ ನಿದ್ದೆಯಿಂದ ಎಚ್ಚರವಾಗಿಬಿಡುತ್ತಿತ್ತು.

ಹರಿಹರದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರಕ್ಕೆ ಒಂದು ಹಳೆಯ ಸ್ಟುಡಿಯೋ ಇತ್ತು. ಅದರ ಮಾಲೀಕರಿಗೆ ಆಗಲೇ ಎಪ್ಪತ್ತರ ಹತ್ತಿರ. ಪಾಸ್‌ಪೋರ್ಟ್ ಅಳತೆಯ ಫೋಟೋ ಬಿಟ್ಟು ಬೇರೆ ಕೆಲಸ ಅವರಿಗೆ ಸಿಗುತ್ತಿರಲಿಲ್ಲ. ಆದರೂ ಹಿಂದಿನ ಕೋಣೆಯಲ್ಲಿ ದೊಡ್ಡ ದೀಪಗಳನ್ನೂ, ಮೆಟ್ಟಿಲು ಮತ್ತು ಹೂದೋಟ ಬರೆದ ಪರದೆಯನ್ನೂ ಹಾಗೇ ಇಟ್ಟುಕೊಂಡಿದ್ದರು. ಒಂದು ದಿನದ ಮಟ್ಟಿಗೆ ಆ ಕೋಣೆ ಕೊಡುತ್ತೀರಾ ಎಂದು ನಾನು ಕೇಳಿದ್ದಕ್ಕೆ, “ಬರ್ರಿ, ಧೂಳು ಹೊಡೆದು ಇಟ್ಟಿರ್ತೀನಿ” ಎಂದರು.

ಫೋಟೋ ತೆಗೆಯುತ್ತೇನೆಂದು ಮೊದಲೇ ಹೇಳಿದ್ದರಿಂದ ಚಿಕ್ಕಮ್ಮ ಮದುವೆಗೆ ಹೊರಟವಳ ಹಾಗೆ ಸಿದ್ಧಳಾಗಿದ್ದಳು. ಗಿಣಿಹಸಿರು ರೇಷ್ಮೆ ಸೀರೆ, ಮುಖಕ್ಕೆ ಪೌಡರು, ಕಿವಿಗೆ ಬೆಂಡೋಲೆ. ನನಗೆ ಬೇಕಾದದ್ದು ಅದಾಗಿರಲಿಲ್ಲ.

“ಇದು ಬ್ಯಾಡ ಚಿಕ್ಕಮ್ಮ. ದಿನಾ ಉಡೋ ಸೀರೆ ಉಟ್ಕೊಂಡು ಬಾ” ಎಂದೆ.

“ಫೋಟೋಕ್ಕೆ ಯಾರಾದ್ರೂ ಹಳೇ ಸೀರೆ ಉಡ್ತಾರೇನೆ?”

“ಇದು ಬೇರೆ ತರದ ಫೋಟೋ. ನಿನಗೆ ಗೊತ್ತಾಗಲ್ಲ.”

ಹಿತ್ತಲಿನ ತಂತಿಯ ಮೇಲೆ ಒಣಗುತ್ತಿದ್ದ ಬಣ್ಣ ಹೋದ ಕಾಟನ್ ಸೀರೆಯನ್ನು ನಾನೇ ತಂದುಕೊಟ್ಟೆ. ಬೆಂಡೋಲೆ ಬಿಚ್ಚಿಸಿದೆ. ಸ್ಟುಡಿಯೋದಲ್ಲಿ ನನ್ನ ಕರ್ಚೀಫಿನಿಂದ ಅವಳ ಮುಖದ ಪೌಡರು ಒರೆಸಿದೆ. ಮನೆಯಿಂದ ತಂದಿದ್ದ ಅಳತೆ ಟೇಪನ್ನು ಕೊರಳಿಗೆ ಹಾಕಿದೆ. ಹೂದೋಟದ ಪರದೆ ಸರಿಸಿ ಕಪ್ಪು ಬಟ್ಟೆ ಕಟ್ಟಿಸಿ, ಒಂದೇ ಒಂದು ದೀಪವನ್ನು ಅವಳ ಬಲಕ್ಕೆ ಇಟ್ಟೆ. ಮುಖದ ಅರ್ಧ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಎರಡೂ ಕೈ ಮಡಿಲಲ್ಲಿ. ಮಾಲೀಕರು ಬಾಗಿಲಲ್ಲಿ ನಿಂತು ನೋಡಿ, “ಒಂದು ಕಣ್ಣು ಕಾಣ್ತಿಲ್ಲ ನೋಡ್ರಿ ಮೇಡಂ” ಎಂದರು. ಅದು ಬೇಕೆಂದೇ ಮಾಡಿದ್ದು ಎಂದೆ. ಅವರು ಹೋಗಿ ಸ್ಟೂಲಿನ ಮೇಲೆ ಕೂತರು.

ನೂರಾರು ಬಾರಿ ಕ್ಲಿಕ್ಕಿಸಿದೆ. ನಗಬೇಡ, ಈ ಕಡೆ ನೋಡಬೇಡ, ಭುಜ ತಿರುಗಿಸು ಎಂದು ಹೇಳುತ್ತಲೇ ಹೋದೆ. ಕೊನೆಕೊನೆಗೆ ಅವಳು ಮಾತು ಬಿಟ್ಟು ಸುಮ್ಮನೆ ಕೂತುಬಿಟ್ಟಳು. ಆಗ ಬಂದದ್ದೇ ಆ ಫೋಟೋ. ಅದು ಚೆನ್ನಾಗಿ ಬಂದಿದೆಯೆಂದು ಕ್ಯಾಮೆರಾದ ಸಣ್ಣ ಪರದೆಯಲ್ಲೇ ನನಗೆ ಗೊತ್ತಾಗಿತ್ತು.

ಬಳಗದ ಸಭೆಯ ಹಿಂದಿನ ದಿನ ದಾವಣಗೆರೆಯ ವಿನೋಬನಗರದಲ್ಲಿ ನಮ್ಮ ನೆಂಟರ ಮಗುವಿಗೆ ನಾಮಕರಣವಿತ್ತು. ಚಿಕ್ಕಮ್ಮ ಅದಕ್ಕೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಬೆಳಿಗ್ಗೆ ನಾನು ಪ್ರಿಂಟು ಸುತ್ತಿಕೊಂಡು ಹೊರಟದ್ದು ನೋಡಿ, “ನನ್ನ ಫೋಟೋ ನೋಡಾಕೆ ಅಷ್ಟು ಜನ ಸೇರ್ತಾರಂದ್ರೆ ನಾನೂ ಬರ್ತೀನಿ ತಡಿ” ಎಂದಳು. ನಾಮಕರಣಕ್ಕೆ ಉಟ್ಟಿದ್ದ ರೇಷ್ಮೆ ಸೀರೆಯನ್ನೇ ಮತ್ತೆ ಉಟ್ಟಳು. ಬೆಂಡೋಲೆ, ಪೌಡರು, ಎಲ್ಲವೂ ಇತ್ತು. ಚಿಕ್ಕಮ್ಮ ಎಂದು ಬಳಗದವರಿಗೆ ಪರಿಚಯ ಮಾಡಿಸಿ ಹಿಂದಿನ ಸಾಲಿನಲ್ಲಿ ಕೂಡಿಸಿದೆ.

ನನ್ನ ಫೋಟೋ ಹಲಗೆಗೆ ಬಂದಾಗ ಹಲವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ನನಗೆ ಒಳಗೊಳಗೇ ಹಿಗ್ಗು. ಫೋಟೋದಲ್ಲಿದ್ದವಳು ಹಿಂದೆಯೇ ಕೂತಿದ್ದಾಳೆಂದು ಒಬ್ಬರಿಗೂ ಹೊಳೆಯಲಿಲ್ಲ.

ಕರಿಬಣ್ಣದ ಆಳ ಚೆನ್ನಾಗಿದೆ ಎಂದರು ಒಬ್ಬರು. ಕೈಗಳು ಕಣ್ಣನ್ನು ಕೆಳಗೆ ಎಳೆಯುತ್ತವೆ, ಮುಖವೇ ಮುಖ್ಯ, ಕೈಯನ್ನು ಕತ್ತರಿಸಿ ತೆಗೆಯಬೇಕಿತ್ತು ಎಂದರು ಬ್ಯಾಂಕಿನವರು. ಕೊರಳ ಟೇಪು ನೇಣಿನ ಹಾಗೆ ಕಾಣುತ್ತದೆ, ಅದೇ ಈ ಚಿತ್ರದ ಅರ್ಥ ಎಂದಳು ಒಬ್ಬ ವಿದ್ಯಾರ್ಥಿನಿ. ಕೊನೆಗೆ ಮೇಷ್ಟ್ರು ಎದ್ದು ಹಲಗೆಯ ಹತ್ತಿರ ಹೋದರು. “ಈ ಮುಖದಾಗ ಒಂದು ಜೀವನದ ದಣಿವು ಐತೆ. ಬಡತನ ಐತೆ, ಸೋಲು ಐತೆ. ತೆಗೆದೋರು ಅದನ್ನ ಹಿಡಿದಾರೆ. ಈ ತಿಂಗಳಿಗೆ ಇದೇ ಒಳ್ಳೇ ಫೋಟೋ” ಎಂದರು.

ನಾನು ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ.

“ನಾನೊಂದು ಮಾತು ಹೇಳಬಹುದೇನ್ರಿ?” ಎಂದು ಚಿಕ್ಕಮ್ಮನ ದನಿ ಕೇಳಿತು. “ಆ ಫೋಟೋದಾಗ ಇರಾಕಿ ನಾನೇ.”

ಎಲ್ಲರೂ ತಿರುಗಿದರು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಅವಳನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದರು. ಅವರ ಮುಖ ಕೆಂಪಾಯಿತು. ಆದರೆ ಅವರು ದೊಡ್ಡ ಮನುಷ್ಯರು. ಕುರ್ಚಿ ಸರಿಸಿ ದಾರಿ ಮಾಡಿಕೊಟ್ಟು, “ಬರ್ರಿ, ಮುಂದೆ ಬರ್ರಿ. ಹೆಂಗೈತೆ ಅಂತ ನೀವೇ ಹೇಳ್ರಿ” ಎಂದರು.

ಚಿಕ್ಕಮ್ಮ ಹಲಗೆಯ ಮುಂದೆ ನಿಂತಳು. ಅವಳು ಮೊದಲು ನೋಡಿದ್ದು ಮುಖವನ್ನಲ್ಲ, ಭುಜವನ್ನು.

“ಇಲ್ಲಿ ನೋಡ್ರಿ, ಜಂಪರ್ ಬಲಭುಜದಾಗ ಎಳೆದು ಸುಕ್ಕು ಬಿದ್ದೈತೆ. ಹೊಲಿಗಿ ತಪ್ಪಲ್ಲ ಇದು, ನನ್ನ ತಿರುಗಿಸಿ ಕೂಡ್ರಿಸಿದ್ದು ತಪ್ಪು. ನೋಡಿದೋರು ಈಕಿಗೆ ಹೊಲಿಯಾಕೆ ಬರಲ್ಲ ಅಂತಾರೆ. ಆಮೇಲೆ ಈ ಟೇಪು. ಕೆಲಸ ಇಲ್ದಾಗ ಇದನ್ನ ಕೊಳ್ಳಾಗ ಹಾಕ್ಕಳಲ್ಲ ನಾನು, ಮೊಳೆಗೆ ತೂಗು ಹಾಕ್ತೀನಿ.” ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. “ದಣಿವು ಅಂದ್ರಲ್ರಿ, ಅವತ್ತು ಎರಡು ಗಂಟೆ ಆಗಿತ್ತು, ಊಟ ಆಗಿರಲಿಲ್ಲ. ಲೈಟು ಬೇರೆ ಕಣ್ಣಿಗೆ ಹೊಡೀತಿತ್ತು. ಇದು ಹಸಿವು ರೀ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮೇಷ್ಟ್ರು ಮಾತ್ರ ನಗದೆ, “ಇದರಾಗ ಒಳ್ಳೇದು ಏನೂ ಇಲ್ಲೇನ್ರಿ?” ಎಂದು ಕೇಳಿದರು.

ಚಿಕ್ಕಮ್ಮ ಬಹಳ ಹೊತ್ತು ನೋಡಿದಳು. “ಕೈ ಚೆನ್ನಾಗಿ ಬಂದಾವೆ. ಕೈ ನನ್ನವೇ” ಎಂದಳು.

ಮೆಟ್ಟಿಲು ಇಳಿದು ಸ್ಕೂಟಿಯ ಹತ್ತಿರ ಬಂದೆವು. ನಾನು ಕೀ ತಿರುಗಿಸುವ ಹೊತ್ತಿಗೆ ಚಿಕ್ಕಮ್ಮ ಕೇಳಿದಳು.

“ನಾನು ಬಡವಿ, ಸೋತಾಕಿ ಅಂತ ಅವರಿಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಚಿಕ್ಕಮ್ಮ. ಫೋಟೋ ನೋಡಿ ಅಂದ್ರು.”

“ಫೋಟೋ ತೆಗೆದಾಕಿ ನೀನಲ್ಲೇನು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಏನಾದರೂ ಹೇಳಿ ಸಮಾಧಾನ ಮಾಡುತ್ತಿದ್ದೆ. ಮನೆಯವರೆಗೂ ಅವಳು ಹಿಂದೆ ನನ್ನ ಭುಜ ಹಿಡಿದು ಕೂತಿದ್ದಳು. ನನಗೆ ಆ ಬಟ್ಟೆ ಚೂರುಗಳ ಗುಡ್ಡೆ ಕಣ್ಣಿಗೆ ಬರುತ್ತಿತ್ತು. ಚಿಕ್ಕಂದಿನಲ್ಲಿ ನಾನು ಕಂಡ ಅತ್ಯಂತ ಶ್ರೀಮಂತ ಮನೆ ಅದು. ಹೊಲಿದು ಹೊಲಿದು ಮಗಳನ್ನು ಓದಿಸಿದವಳು, ಹೆಂಚು ತೆಗೆಸಿ ತಾರಸಿ ಹಾಕಿಸಿದವಳು, ಮದುವೆ ಮನೆಗಳಲ್ಲಿ ಹತ್ತು ಹೆಂಗಸರ ಬೆನ್ನು ನೋಡಿ ಇದು ನಂದು, ಇದು ನಂದು ಎಂದು ನನ್ನ ಕಿವಿಯಲ್ಲಿ ಹೇಳಿದವಳು. ಅದನ್ನೆಲ್ಲ ನಾನೇ ಕರ್ಚೀಫಿನಿಂದ ಒರೆಸಿ ಅವಳನ್ನು ಕೂಡಿಸಿದ್ದೆ.

ದಸರಾ ರಜೆಯಲ್ಲಿ ಹರಿಹರಕ್ಕೆ ಹೋಗಿ, ಇನ್ನೊಂದು ಫೋಟೋ ತೆಗೆಸೋಣ, ನೀನು ಹೇಳಿದ ಹಾಗೆ ಎಂದೆ. ಅವಳು ಬೇಡವೆನ್ನಲಿಲ್ಲ. ಅದೇ ಗಿಣಿಹಸಿರು ಸೀರೆ ಉಟ್ಟಳು. ಅದಕ್ಕೆಂದೇ ಹೊಸ ಜಂಪರ್ ಹೊಲಿದುಕೊಂಡಿದ್ದಳು. ಕಲರ್ ತೆಗೆಯೋಣವೇ ಎಂದರೆ, “ಕಲರ್ ಬ್ಯಾಡ. ಮಗಳು ಸಣ್ಣಾಕಿದ್ದಾಗ ತೆಗೆಸಿದ ಕಲರ್ ಫೋಟೋ ಎಲ್ಲ ಕೆಂಪಾಗಿ ಹೋಗ್ಯಾವೆ. ಕಪ್ಪು ಬಿಳುಪೇ ಇರ್ಲಿ” ಎಂದಳು.

ಈ ಸಲ ಕ್ಯಾಮೆರಾವನ್ನು ಸ್ಟುಡಿಯೋ ಮಾಲೀಕರ ಕೈಗೆ ಕೊಟ್ಟೆ. ಅವರ ಬೆನ್ನು ನೆಟ್ಟಗಾಯಿತು. ಎರಡು ದೀಪ ಎದುರಿಗೆ, ಒಂದು ಹಿಂದಿನಿಂದ ಕೂದಲ ಮೇಲೆ. ಹೂದೋಟದ ಪರದೆ ಇಳಿಬಿಟ್ಟರು. ಗದ್ದವನ್ನು ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸಿ, “ಸ್ವಲ್ಪ ಕೆಳಗೆ ರೀ ಅಮ್ಮಾರೆ, ಸಾಕು. ಉಸಿರು ಹಿಡೀರಿ” ಎಂದರು. ಒಂದೇ ಕ್ಲಿಕ್ಕು. ಹಿಂದಿನ ಕಾಲದಲ್ಲಾದರೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ ಕಣ್ಣಿನ ಕೆಳಗಿನ ಗೆರೆಯನ್ನು ತೆಗೆದುಬಿಡುತ್ತಿದ್ದೆ ಎಂದು ಹೇಳಿಕೊಂಡರು. ನನ್ನ ಮೊದಲಿನ ಫೋಟೋದ ಬಗ್ಗೆ ಕೇಳಿದೆ. “ಚೆನ್ನಾಗೈತೆ ಮೇಡಂ. ಆದ್ರೆ ಕಸ್ಟಮರ್ ತಗಳ್ಳಲ್ಲ” ಎಂದರು.

ಎರಡನೆಯ ಫೋಟೋವನ್ನೂ ಒಮ್ಮೆ ಬಳಗಕ್ಕೆ ಒಯ್ದಿದ್ದೆ. ಬೆಳಕು ಚಪ್ಪಟೆಯಾಗಿದೆ, ಪರದೆ ನಾಟಕದ್ದು, ಆಧಾರ್ ಕಾರ್ಡಿನ ಮುಖ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಫೋಟೋ ಎಂದು ನೋಡಿದರೆ ಮೊದಲನೆಯದೇ ಮೇಲು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಎರಡನೆಯದು ಚಿಕ್ಕಮ್ಮನ ಹೊಲಿಗೆ ಕೋಣೆಯಲ್ಲಿ, ಬಾಗಿಲಿಗೆ ಎದುರಾಗಿ, ಕಟ್ಟು ಹಾಕಿಸಿಕೊಂಡು ಕೂತಿತು. ಬಂದ ಹೆಂಗಸರು ಅದರ ಜಂಪರಿನ ತೋಳನ್ನು ತೋರಿಸಿ, ನಮಗೂ ಹಿಂಗೇ ಹೊಲಿದುಕೊಡಿ ಎನ್ನುತ್ತಿದ್ದರಂತೆ.

ಸ್ಟುಡಿಯೋ ಮಾಲೀಕರು ತೀರಿಕೊಂಡು ಕೆಲವು ವರ್ಷಗಳಾದವು. ಆ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಮ್ಮ ಬಳಗ ವಾಟ್ಸಾಪಿನಲ್ಲಿ ಉಳಿದಿದೆ, ಮಹಡಿಯ ಕೋಣೆ ಇಲ್ಲ. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು, ಆದರೂ ಮಗಳ ಕೈಯಲ್ಲಿ ಪೋಣಿಸಿಕೊಂಡು, ಅವಳು ಅಂಗಡಿಯಿಂದ ತಂದ ಬ್ಲೌಸುಗಳ ಹುಕ್ಕನ್ನೆಲ್ಲ ಬಿಚ್ಚಿ ಮತ್ತೆ ಹಾಕುತ್ತಾಳೆ.

ಹೋದ ವರ್ಷ ಅವಳ ಮಗಳು ನಮ್ಮ ಮನೆಗೆ ಬಂದಿದ್ದಾಗ ಏನೋ ಹುಡುಕುತ್ತ ಬೀರು ತೆಗೆದೆ. ಆ ಮೊದಲ ಪ್ರಿಂಟು ಕೈಗೆ ಬಂತು. ನಾನು ಬಚ್ಚಿಡಲು ಹೋದೆ, ಅವಳು ಇಸಕೊಂಡು ಕಿಟಕಿಯ ಹತ್ತಿರ ಹೋಗಿ ನೋಡಿದಳು. ನೋಡುತ್ತಲೇ ಇದ್ದಳು.

“ಇದನ್ನ ನನಗೆ ಕೊಡ್ತೀಯಾ ಅಕ್ಕ?”

“ನಿಮ್ಮಮ್ಮಗೆ ಇದು ಸೇರಲ್ಲ. ಇದರಾಗ ಕೈ ಅಷ್ಟೇ ನಂದು ಅಂತಾಳೆ.”

“ಅಮ್ಮನೇ ಇದು” ಎಂದಳು. “ನಾನು ಕಾಲೇಜಿಗೆ ಹೋಗ್ತಿದ್ದಾಗ ಮಧ್ಯಾಹ್ನ ಬೇಗ ಬಂದ್ರೆ ಹಿಂಗೇ ಕೂತಿರ್ತಿದ್ಲು. ಮಷೀನ್ ನಿಲ್ಸಿ, ಕೈ ಹಿಂಗೇ ಇಟ್ಕೊಂಡು. ನಾನು ಬಾಗಿಲಾಗ ಕಂಡ ತಕ್ಷಣ ಎದ್ದು ಅನ್ನಕ್ಕಿಡ್ತಿದ್ಲು. ಅಷ್ಟೊತ್ತು ಯಾಕ ಹಂಗೆ ಕೂತಿದ್ದೆ ಅಂತ ನಾನೂ ಯಾವತ್ತೂ ಕೇಳಲಿಲ್ಲ.”

ಆ ಫೋಟೋ ಪೂರ್ತಿ ಸುಳ್ಳೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಆದರೂ ಚಿಕ್ಕಮ್ಮನನ್ನು ಕೇಳದೆ ಕೊಡಲು ಮನಸ್ಸು ಬರಲಿಲ್ಲ. ಆಗಲೇ ಫೋನು ಮಾಡಿದೆ. ನಿನ್ನ ಮಗಳು ಆ ಹಳೆಯ ಫೋಟೋ ಕೇಳುತ್ತಿದ್ದಾಳೆ, ಕೊಡಲೇ ಎಂದೆ.

ಆ ಕಡೆ ಅವಳು ಟಿವಿಯ ಸದ್ದು ಸಣ್ಣದು ಮಾಡಿದಳು.

“ಯಾಕಂತೆ?”

“ನೀನು ಹಿಂಗೇ ಕೂತಿರ್ತಿದ್ದೆ ಅಂತಾಳೆ.”

“ಹೌದೇನು” ಎಂದಳು. ಆಮೇಲೆ, “ಕೊಡು. ಗೋಡೆಗೆ ಹಾಕಬ್ಯಾಡ ಅಂತ ಹೇಳು” ಎಂದಳು.

ಮಗಳು ಅದನ್ನು ಗೋಡೆಗೆ ಹಾಕಿಲ್ಲ. ತನ್ನ ಬೀರುವಿನಲ್ಲಿ, ಮಡಚಿದ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಾಳೆ.